ಹೆಸರು ಹೇಳುವಷ್ಟು ಉಸಿರು

ಮಹಾನಂದಾಗೆ ಒಮ್ಮೆ ನಗು ಹತ್ತಿತೆಂದರೆ ಅದನ್ನು ಇಳಿಸುವುದು ಯಾರಪ್ಪನಿಂದಲೂ ಆಗುತ್ತಿರಲಿಲ್ಲ. ಬೀದರಿನಾಚೆ ಗಡಿಯಲ್ಲಿರುವ ಜಹೀರಾಬಾದಿನ ಮನೆಯಲ್ಲಿ ಲಿಂಗಪೂಜೆಗೆ ಕೂತಾಗ ನಕ್ಕು ಅಜ್ಜಿಯಿಂದ ಬೈಸಿಕೊಂಡಿದ್ದಳು. ಹೈದರಾಬಾದಿನಲ್ಲಿ ಪಿಎಚ್‌ಡಿ ಸಂದರ್ಶನದಲ್ಲಿ ನಕ್ಕಿದ್ದಳು, ಅದು ಹೇಗೋ ಸೀಟೂ ಸಿಕ್ಕಿತ್ತು. ಈಗ ಶ್ವಾಸಕೋಶದ ಸ್ಕ್ಯಾನಿಂಗ್ ಕಲಿಯಲು ಆಯ್ಕೆಯಾದ ಆರು ಮಂದಿ ಎಳೆಯ ಸಂಶೋಧಕರಲ್ಲಿ ಒಬ್ಬಳಾಗಿ ತನ್ನೂರಿಗೇ ವಾಪಸು ಬಂದಿದ್ದಳು. ನಗುವನ್ನು ಹಾಸ್ಟೆಲಿನಲ್ಲಿ ಬಿಟ್ಟು ಬಾ ಎಂದು ಅವ್ವ ಫೋನಿನಲ್ಲಿ ಹೇಳಿದ್ದಳು, ಆದರೆ ಅದೂ ಅದೇ ಬಸ್ಸಿನಲ್ಲಿ ಬಂದಿತ್ತು.

ಕಲಿಸುವವರು ಡಾಕ್ಟರ್ ಪ್ರೇಮಲಾ. ಆಯುಷ್ಯವಿಡೀ ಎದೆಯೊಳಗಿನ ಚಿತ್ರ ತೆಗೆದು ತೆಗೆದು ಅವರಿಗೆ ಮನುಷ್ಯರ ಮುಖಕ್ಕಿಂತ ಪಕ್ಕೆಲುಬುಗಳೇ ಚೆನ್ನಾಗಿ ನೆನಪಿರುತ್ತಿದ್ದವು. ಬೀದರಿನಲ್ಲಿ ಹುಟ್ಟಿದವರಾದರೂ ಊರ ಮಾತನ್ನು ಎಲ್ಲೋ ಕಳೆದುಕೊಂಡು ಪುಸ್ತಕದಂತೆ ಮಾತಾಡುತ್ತಿದ್ದರು. ಅವರ ಮುಂದೆ ಯಾರೂ ನಗುತ್ತಿರಲಿಲ್ಲ. ಮಹಾನಂದಾ ಮಾತ್ರ ಮೊದಲ ದಿನವೇ ನಕ್ಕಳು.

ಆದದ್ದಿಷ್ಟು. ಜಹೀರಾಬಾದಿನ ಬಾಡಿಗೆ ಹಾಲಿನಲ್ಲಿ ಮೇಡಂ ಒಂದು ಸಣ್ಣ ಮಷಿನ್ ತೆಗೆದಿಟ್ಟರು. ಊಟದ ಡಬ್ಬಿಗಿಂತ ಕೊಂಚ ದೊಡ್ಡದು, ಒಂದು ಪರದೆ, ಬಾಲದಂಥ ವೈರಿನ ತುದಿಗೆ ಮುಷ್ಟಿಯಲ್ಲಿ ಹಿಡಿಯುವ ಒಂದು ಗುಂಡು. ಅದಕ್ಕೆ ಜೆಲ್ ಹಚ್ಚಿ ಮಿಲಿಂದನ ಪಕ್ಕೆಲುಬಿನ ನಡುವೆ ಇಟ್ಟರು. ಮಿಲಿಂದ್ ನಾರಾಯಣಖೇಡದ ಹುಡುಗ, ತಹಸೀಲ್ ಕಚೇರಿಯ ಗುಮಾಸ್ತರ ಮಗ, ಭೌತಶಾಸ್ತ್ರ ಓದಿದವನು. ಪರದೆಯಲ್ಲಿ ಎರಡು ಪಕ್ಕೆಲುಬಿನ ನೆರಳು, ಅವುಗಳ ನಡುವೆ ಒಂದು ಹೊಳೆಯುವ ಬಿಳಿ ಗೆರೆ. ಮಿಲಿಂದ್ ಉಸಿರಾಡಿದಂತೆಲ್ಲ ಆ ಗೆರೆ ಇರುವೆ ಸಾಲಿನಂತೆ ಅತ್ತ ಸರಿದು ಇತ್ತ ಸರಿಯಿತು. ಒಳಗೆ ಶ್ವಾಸಕೋಶ ಎದೆಗೂಡಿಗೆ ಒರೆಸಿಕೊಂಡು ಜಾರುತ್ತಿತ್ತು. ಮಹಾನಂದಾ ಪುಸ್ತಕದಲ್ಲಿ ಇದನ್ನೆಲ್ಲ ನೂರು ಸಲ ಓದಿದ್ದಳು. ಕಣ್ಣಾರೆ ಕಂಡಾಗ ತಡೆಯಲಾಗದೆ ಕಿಲಕಿಲ ನಕ್ಕುಬಿಟ್ಟಳು.

"ನಗುವಂಥದ್ದು ಏನಿದೆ ಇದರಲ್ಲಿ?" ಎಂದರು ಮೇಡಂ.

"ಬದುಕಿದ್ದು ಕಾಣಸ್ಲತ್ತದಲ್ರಿ ಮೇಡಂ," ಎಂದಳು ಮಹಾನಂದಾ. "ಮಿಲಿಂದ್ ಬದುಕ್ಯಾನಂತ ನನಗ ಇಷ್ಟ್ ಖರೇವಾಗಿ ಯಾವತ್ತೂ ಗೊತ್ತಾಗಿರ್ಲಿಲ್ರಿ."

ಮೇಡಂ ನಗಲಿಲ್ಲ. ಆದರೆ ಆ ಗಳಿಗೆಯಿಂದ ಮಹಾನಂದಾಗೆ ಆ ಮಷಿನ್ ಬೇಕಾಯಿತು. ಬೇಕೆಂದರೆ ಎಷ್ಟು? ಜಾತ್ರೆಯಲ್ಲಿ ಪೀಪಿ ಕಂಡ ಮಗುವಿಗೆ ಬೇಕಾಗುತ್ತದಲ್ಲ, ಅಷ್ಟು. ನಿದ್ದೆಯಲ್ಲೂ ಅದರ ಬಾಲ ಹಿಡಿದು ಓಡಾಡುತ್ತಿದ್ದಳು. ಅದು ಸಿಗುವ ಸಾಧ್ಯತೆಯೂ ಇತ್ತು. ತರಬೇತಿ ಮುಗಿದ ಮೇಲೆ ಆರರಲ್ಲಿ ಒಬ್ಬರ ಕೈಗೆ ಒಂದು ವರ್ಷದ ಮಟ್ಟಿಗೆ ಮಷಿನ್ ಕೊಡುವುದೆಂದು ನಿಶ್ಚಯವಾಗಿತ್ತು. ಅವರು ಅದನ್ನು ಹೊತ್ತುಕೊಂಡು ಜಹೀರಾಬಾದ್, ನಾರಾಯಣಖೇಡ, ತಾಂಡೂರಿನ ಊರೂರು ತಿರುಗಿ, ಒಲೆಯ ಹೊಗೆಯಲ್ಲೂ ಕಲ್ಲಿನ ಧೂಳಿನಲ್ಲೂ ದುಡಿದವರ ಶ್ವಾಸಕೋಶ ಹೇಗಿದೆ ಎಂದು ನೋಡಬೇಕು. ಕೆಲವು ತಿಂಗಳಿಗೊಮ್ಮೆ ಅದೇ ಜನರ ಬಳಿಗೆ ಮತ್ತೆ ಹೋಗಿ ಮತ್ತೆ ನೋಡಬೇಕು. ಉಳಿದ ಐವರು ಊರಿಗೆ ಹೋಗಿ ಕಂಪ್ಯೂಟರಿನಲ್ಲಿ ಅಂಕಿಸಂಖ್ಯೆ ನೋಡಬೇಕು. ಅಂಕಿಸಂಖ್ಯೆಗೆ ಉಸಿರಿಲ್ಲ ಎಂದು ಮಹಾನಂದಾಳ ಅಭಿಪ್ರಾಯ.

ಯಾರಿಗೆ ಮಷಿನ್ ಎಂಬುದು ಕೊನೆಯ ದಿನ ತಾಂಡೂರಿನಲ್ಲಿ ತೀರ್ಮಾನವಾಗುವುದಿತ್ತು. ಪರೀಕ್ಷೆ ಕೇಳಲು ಸುಲಭ. ಬಲಗಡೆ ಪಕ್ಕೆಲುಬಿನ ಕೆಳಗೆ ಗುಂಡು ಇಟ್ಟರೆ ವಪೆ ಕಾಣುತ್ತದೆ. ವಪೆ ಎಂದರೆ ಎದೆಗೂ ಹೊಟ್ಟೆಗೂ ನಡುವಿನ ಪರದೆಯಂಥ ಸ್ನಾಯು, ಉಸಿರನ್ನು ಒಳಗೆಳೆಯುವ ಯಜಮಾನ ಅದೇ. ಮಲಗಿದವರು ದೀರ್ಘವಾಗಿ ಉಸಿರೆಳೆದಾಗ ಮಷಿನ್ನಿನ ಪರದೆಯ ಮೇಲೆ ಒಂದು ಗೆರೆ ಗುಡ್ಡದಂತೆ ಏರಬೇಕು, ಉಸಿರು ಹಿಡಿದಾಗ ಮೈದಾನದಂತೆ ಸಪಾಟಾಗಿ ಓಡಬೇಕು. ಅಷ್ಟನ್ನು ಕೈ ನಡುಗದಂತೆ ದಾಖಲಿಸಬೇಕು. ಯಾರ ಗುಡ್ಡ ಎತ್ತರ, ಯಾರ ಮೈದಾನ ಉದ್ದ, ಅವರಿಗೆ ಮಷಿನ್.

"ಇನ್ನೊಂದು ಮಾತು," ಎಂದಿದ್ದರು ಮೇಡಂ. "ಪರೀಕ್ಷೆಯ ದಿನ ನಮಗಾಗಿ ಬಂದು ಮಲಗಿದವರನ್ನು ನಾವಾಗಿ ಎರಡನೆಯ ಸಲ ಪೀಡಿಸುವಂತಿಲ್ಲ. ಕೆಟ್ಟರೆ ಕೆಟ್ಟಿತು. ಅವರಾಗಿಯೇ ಇನ್ನೊಮ್ಮೆ ಆಗಲಿ ಎಂದರೆ ಮಾತ್ರ ಮತ್ತೆ. ಮತ್ತು ಕೈ ನಡುಗುವವರಿಗೆ ಮಷಿನ್ ಇಲ್ಲ." ಕೊನೆಯ ಮಾತನ್ನು ಅವರು ಮಹಾನಂದಾಳನ್ನೇ ನೋಡಿ ಹೇಳಿದರು, ಯಾಕೆಂದರೆ ನಕ್ಕಾಗ ಅವಳ ಕೈ ನಡುಗುತ್ತಿತ್ತು, ಮತ್ತು ಅವಳು ಯಾವಾಗಲೂ ನಗುತ್ತಿದ್ದಳು.

ಒಬ್ಬರ ಮೇಲೊಬ್ಬರು ಅಭ್ಯಾಸ ಮಾಡಿದಷ್ಟು ದಿನ ಎಲ್ಲ ಸರಿಯಿತ್ತು. ಹಿಡಿ ಎಂದರೆ ಹಿಡಿಯುತ್ತಿದ್ದರು, ಬಿಡು ಎಂದರೆ ಬಿಡುತ್ತಿದ್ದರು. ಆಮೇಲೆ ಜೀಪು ನಾರಾಯಣಖೇಡ ದಾಟಿ ಕಲ್ಹೇರಿಗೆ ಹೋಯಿತು, ಅಲ್ಲಿ ನಿಜವಾದ ಜನ ಸಿಕ್ಕರು, ವಿಜ್ಞಾನ ಬೋರಲು ಬಿತ್ತು.

ಮೊದಲು ಮಲಗಿದವಳು ಭೀಮವ್ವ ಎಂಬ ಅಜ್ಜಿ. ಮಹಾನಂದಾ ಗುಂಡು ಇಟ್ಟು, ವಪೆ ಹುಡುಕಿ, ಹದವಾಗಿ ಹೇಳಿದಳು, "ಅಜ್ಜಿ, ಉಸರ ಜೋರ್ ಎಳಕೊಂಡು ಹಿಡೀರಿ."

"ಹಿಡದೀನ್ರಿ!" ಎಂದಳು ಭೀಮವ್ವ. ಗೆರೆ ಗರಗಸದ ಹಲ್ಲಿನಂತೆ ಕುಣಿಯಿತು.

"ಮಾತಾಡಬ್ಯಾಡ್ರಿ ಅಜ್ಜಿ. ಬರೇ ಹಿಡೀರಿ."

"ಇಲ್ರೆವ್ವ, ಮಾತಾಡಂಗಿಲ್ರಿ. ಹಿಡದೇ ಇದ್ದೀನ್ರಿ."

ಈ ಸೀಮೆಯಲ್ಲಿ ದೊಡ್ಡವರಾಗಲಿ ಸಣ್ಣವರಾಗಲಿ, ಡಾಕ್ಟರು ಏನಾದರೂ ಹೇಳಿದರೆ ಸುಮ್ಮನಿರುವುದು ಸೊಕ್ಕಿನ ಲಕ್ಷಣ. ಹೂಂ ಎನ್ನಬೇಕು, ರೀ ಹಚ್ಚಬೇಕು. ಉಸಿರು ಹೋದರೂ ಮರ್ಯಾದೆ ಹೋಗಬಾರದು. ಮಿಲಿಂದ್ ತನ್ನ ಸರದಿಯಲ್ಲಿ ಜಾಣತನ ತೋರಿಸಿದ. ಕನ್ನಡದಲ್ಲಿ ಹೇಳಿದರೆ ತಾನೇ ಕನ್ನಡದಲ್ಲಿ ಉತ್ತರ ಬರುವುದು ಎಂದು ತೆಲುಗಿನಲ್ಲಿ ಹೇಳಿದ. ಮಲಗಿದವಳು ಅದೇ ಹಿಡದೀನ್ರಿಯನ್ನು ತೆಲುಗಿನಲ್ಲಿ "ಪಟ್ಟುಕುನ್ನಾನಂಡಿ" ಎಂದಳು. ಉರ್ದುವಿನಲ್ಲಿ ಹೇಳಿದ. "ಪಕಡ್ಲಿಯೂಂ ಸಾಬ್" ಎಂದಳು. ಮೂರು ಭಾಷೆ ಬಲ್ಲವರ ಊರಿನಲ್ಲಿ ಮೂರು ಸಲ ಗೆರೆ ಕುಣಿಯಿತು. ಕೈ ಮಾಡಿ ತೋರಿಸಿದರೆ ಹೆಂಗಸರು ಭುಜ ಎತ್ತಿ, ಕೆನ್ನೆ ಉಬ್ಬಿಸಿ, ಕಣ್ಣು ಅರಳಿಸಿ ಮಲಗುತ್ತಿದ್ದರು. ಗಾಳಿ ಕೆನ್ನೆಯಲ್ಲೇ ಉಳಿಯುತ್ತಿತ್ತು, ವಪೆ ಅಲ್ಲಾಡುತ್ತಿರಲಿಲ್ಲ. ಅವರ ಮುಖ ನೋಡಿ ಮಹಾನಂದಾ ನಕ್ಕಳು, ಅವಳನ್ನು ನೋಡಿ ಅವರು ನಕ್ಕರು, ಇಡೀ ದಿನದಲ್ಲಿ ಒಂದು ಗುಡ್ಡವೂ ಒಂದು ಮೈದಾನವೂ ಸಿಗಲಿಲ್ಲ.

"ಹೀಗಾದರೆ ತಾಂಡೂರಿನಲ್ಲಿ ಯಾರಿಗೂ ಮಷಿನ್ ಕೊಡುವುದಿಲ್ಲ, ವಾಪಸು ತೆಗೆದುಕೊಂಡು ಹೋಗುತ್ತೇನೆ," ಎಂದು ಮೇಡಂ ಜೀಪಿನಲ್ಲಿ ಹೇಳಿದರು. ಅವತ್ತು ಮಾತ್ರ ಮಹಾನಂದಾಗೆ ನಗು ಬರಲಿಲ್ಲ. ಜೀಪಿನ ಹಿಂದಿನ ಸೀಟಿನಲ್ಲಿ ಮಷಿನ್ನಿನ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಬೀಳ್ಕೊಡುವವಳ ಹಾಗೆ ಕೂತಿದ್ದಳು.

ಮಾರನೆಯ ದಿನ ಪಸ್ತಾಪುರ. ಅಲ್ಲಿ ನವಣೆ, ಸಜ್ಜೆ ಬೆಳೆಯುವ ಹೆಂಗಸರ ಸಂಘದ ಹಾಲ್. ಗೋಡೆಯುದ್ದಕ್ಕೂ ಬೀಜದ ಗಡಿಗೆ, ನಡುವೆ ಒಂದು ಮಂಚ. ಸಂಘದ ಹಿರಿಯಳು ಸುಮಿತ್ರಾಬಾಯಿ ತಾನೇ ಮೊದಲು ಮಲಗಿದಳು. ಗಟ್ಟಿ ಹೆಂಗಸು, ಅವಳ ದನಿ ಝರಾಸಂಗಂ ಬಸ್ಸಿಗೂ ಕೇಳಿಸುತ್ತಿತ್ತು. ಉಸಿರು ಎಳೆದುಕೊಳ್ಳಿ ಎಂದಾಗ ಅವಳೂ "ಎಳದೀನ್ರಿ" ಎಂದಳು. ಹಿಡಿಯಿರಿ ಎಂದಾಗ "ಹಿಡದು ಎಷ್ಟೊತ್ತಾತು!" ಎಂದು ಜಬರಿಸಿದಳು. ಮಹಾನಂದಾ ಸೋತು, ಗುಂಡನ್ನು ಅಲ್ಲೇ ಒತ್ತಿ ಹಿಡಿದು, ಇನ್ನೊಂದು ಕೈಯಿಂದ ಮಷಿನ್ನಿನಲ್ಲಿ ಅವಳ ಹೆಸರು ತುಂಬತೊಡಗಿದಳು. ಹೆಸರಿನ ಕೆಳಗೆ ತಂದೆ ಅಥವಾ ಗಂಡನ ಹೆಸರು ಬರೆಯಲು ಜಾಗವಿತ್ತು.

"ನಿಮ್ಮ ಮನಿಯವರ ಹೆಸರೇನ್ರಿ?" ಎಂದು ಕೇಳಿದಳು.

ಊರಿಗೆಲ್ಲ ಕೇಳಿಸುವ ಸುಮಿತ್ರಾಬಾಯಿ ಬಾಯಿ ಮುಚ್ಚಿದಳು. ಕೆನ್ನೆ ಕೆಂಪಾದವು. ಗೋಡೆಗೆ ಒರಗಿ ಕೂತ ಹೆಂಗಸರಿಗೆ ಹಬ್ಬವಾಯಿತು. "ಹಂಗs ಹೇಳಬ್ಯಾಡ, ಒಡಪು ಹಾಕಿ ಹೇಳ!" "ಮದಿವ್ಯಾಗ ಹೇಳೀದಿ, ಈಗ್ಯಾಕ ನಾಚಕಿ?" ಎಂದು ಕೂಗಿದರು. ಗಂಡನ ಹೆಸರನ್ನು ಬರಿದೇ ನಾಲಗೆಯ ಮೇಲೆ ಇಡಬಾರದು, ಪದ್ಯ ಕಟ್ಟಿ ಅದರ ಬಾಲಕ್ಕೆ ಹೆಸರು ಸಿಕ್ಕಿಸಿ ಹೇಳಬೇಕು. ಮದುವೆಯ ಮನೆಯಿಂದ ಸೀಮಂತದವರೆಗೆ ಈ ಕಡೆಯ ಹೆಂಗಸರು ಮಾಡಿಕೊಂಡು ಬಂದದ್ದು ಅದನ್ನೇ. ಸುಮಿತ್ರಾಬಾಯಿ ಕಣ್ಣು ಮುಚ್ಚಿದಳು, ಹೊಟ್ಟೆಯ ಆಳದಿಂದ ಉಸಿರೆಳೆದುಕೊಂಡಳು, ಪದ್ಯ ಹೊಂದಿಸುವಷ್ಟು ಹೊತ್ತು ಅದನ್ನು ಹಾಗೇ ಹಿಡಿದಳು.

ಪರದೆಯ ಮೇಲೆ ಗೆರೆ ಎದ್ದಿತು. ಎದ್ದೇ ಎದ್ದಿತು. ಎದ್ದು ಮೈದಾನವಾಗಿ ಓಡಿತು. ಮಹಾನಂದಾಳ ಹೆಬ್ಬೆರಳು ತಾನಾಗಿಯೇ ಮಷಿನ್ನಿನ ದಾಖಲೆ ಗುಂಡಿ ಒತ್ತಿತು.

"ಹೊಲ ಕಾಯಾಕ ಕಳಿಸಿದ್ರ ಮಂಚಿಕಿ ಮ್ಯಾಲ ನಿದ್ದಿಗಪ್ಪ, ರೊಟ್ಟಿ ಬಡಿಯೋ ಸಪ್ಪಳ ಕೇಳಿದ್ರ ಎಲ್ಲಾರಿಗಿಂತ ಮೊದಲಿಗಪ್ಪ, ನಮ್ಮ ಮನಿ ಯಜಮಾನ ಮನ್ಮಥಪ್ಪ!" ಎಂದು ಸುಮಿತ್ರಾಬಾಯಿ ಒಂದೇ ಉಸಿರಿನಲ್ಲಿ ಒಗೆದಳು. ಹಾಲ್ ಚಪ್ಪಾಳೆಯಿಂದ ಹಾರಿಹೋಯಿತು. ಬಾಗಿಲ ಹೊರಗೆ ಬೀಡಿ ಸೇದುತ್ತ ನಿಂತಿದ್ದ ಮನ್ಮಥಪ್ಪನವರು ತಮ್ಮ ಹೆಸರು ಕೇಳಿ ಇಣುಕಿ, ಇಷ್ಟು ಹೆಂಗಸರನ್ನು ಕಂಡು, ಬಂದ ದಾರಿಗೆ ಸುಂಕವಿಲ್ಲವೆಂದು ತಿರುಗಿ ಹೋದರು.

"ಇದು ಸಂಶೋಧನೆ, ಮದುವೆ ಮಂಟಪವಲ್ಲ," ಎಂದು ಮೇಡಂ ಸಿಡುಕುತ್ತ ಬಂದರು. ಪರದೆ ನೋಡಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು. ಗುಡ್ಡವನ್ನು ಅಳೆದರು, ಮೈದಾನವನ್ನು ಅಳೆದರು. ಆಮೇಲೆ ದನಿ ತಗ್ಗಿಸಿ, "ಇನ್ನೊಬ್ಬರನ್ನು ಕೇಳು," ಎಂದರು.

ಇನ್ನೊಬ್ಬರನ್ನು ಕೇಳಿದ್ದಾಯಿತು, ಮತ್ತೊಬ್ಬರನ್ನು ಕೇಳಿದ್ದಾಯಿತು. ಬೇಕಾದಷ್ಟು ಗುಡ್ಡ, ಬೇಕಾದಷ್ಟು ಮೈದಾನ. ಆರೂ ಮಂದಿ ಸರದಿ ಹಚ್ಚಿ ಗಂಡಂದಿರ ಹೆಸರು ಕೇಳಿದರು. ಒಬ್ಬಳ ಒಡಪಿಗೆ ಇನ್ನೊಬ್ಬಳು ಸವಾಲು ಹಾಕಿದಳು. ಮಂಚದ ಮುಂದೆ ನೂಕುನುಗ್ಗಲಾಯಿತು. ಮಿಲಿಂದನಿಗೆ ಮದುವೆಯಾಗಿಲ್ಲವೆಂದು ತಿಳಿದು ಹೆಂಗಸರು ಅವನನ್ನೇ ಮಂಚದ ಮೇಲೆ ಕೆಡವಿ, ಆಗಲಿರುವವಳ ಹೆಸರು ಹೇಳೆಂದು ಪೀಡಿಸಿದರು. ಅವನ ಗೆರೆ ಪಾಪ ಗಡಗಡ ನಡುಗಿತು. ಕೊನೆಗೆ ಸುಮಿತ್ರಾಬಾಯಿ, "ಡಾಕ್ಟ್ರಮ್ಮ, ನಿಮ್ಮೋರ ಹೆಸರೇನ್ರಿ?" ಎಂದು ನೇರ ಪ್ರೇಮಲಾ ಮೇಡಂಗೇ ಬಾಣ ಬಿಟ್ಟಳು. ಮೇಡಂ ಎದೆ ತುಂಬ ಉಸಿರೆಳೆದುಕೊಂಡದ್ದನ್ನೂ ಹಿಡಿದುಕೊಂಡದ್ದನ್ನೂ ಆರು ಜನ ಶಿಷ್ಯರು ಬರಿಗಣ್ಣಿನಿಂದ ನೋಡಿದರು. "ಮುಂದಿನವರು ಬನ್ನಿ," ಎಂದಷ್ಟೇ ಹೇಳಿ ಉಸಿರು ಬಿಟ್ಟರು.

ಆವತ್ತಿನಿಂದ ಮಹಾನಂದಾ ನೆಲದ ಮೇಲೆ ನಡೆಯುತ್ತಿರಲಿಲ್ಲ. ಮಷಿನ್ ತನ್ನದೇ ಎಂದು ಮನಸ್ಸು ಆಗಲೇ ಡಂಗುರ ಸಾರಿತ್ತು. ಆದರೆ ಗುಟ್ಟು ಆರೂ ಮಂದಿಗೆ ಗೊತ್ತಾಗಿತ್ತು, ಮಿಲಿಂದನ ಕೈಯಂತೂ ಅಕ್ಕಸಾಲಿಗನ ಕೈಯಂತೆ ಅಲುಗದೆ ನಿಲ್ಲುತ್ತಿತ್ತು.

ತಾಂಡೂರಿಗೆ ಹೋಗುವಷ್ಟರಲ್ಲಿ ಸುದ್ದಿ ಅವರಿಗಿಂತ ಮುಂಚೆ ಹೋಗಿತ್ತು. ಕಲ್ಲು ಪಾಲಿಶ್ ಮಾಡುವ ಕಾರ್ಖಾನೆಗಳ ಓಣಿ, ರಸ್ತೆ, ಮರದ ಎಲೆ, ನಿಂತ ಆಟೊ ಎಲ್ಲ ಹಿಟ್ಟು ಚೆಲ್ಲಿದಂತೆ ಬೆಳ್ಳಗೆ. ಆ ಬಿಳಿಯ ನಡುವೆ ಸಭಾಭವನದ ಮೆಟ್ಟಿಲ ಮೇಲೆ ಕೆಂಪು, ಹಸಿರು, ಹಳದಿ ಸೀರೆಗಳು. ಕೆಲಸಕ್ಕೆ ರಜೆ ಹಾಕಿ ತಲೆ ತುಂಬ ಹೂ ಮುಡಿದು ಬಂದಿದ್ದರು. "ಹೆಸರು ಹೇಳಿಸ್ಕೊಳ್ಳೋ ಡಾಕ್ಟರ್ ನೀವೇನ್ರಿ?" ಎಂದು ಒಬ್ಬಳು ಮೇಡಂರನ್ನೇ ಕೇಳಿದಳು. ಇನ್ನೊಬ್ಬಳು ಮೂಲೆಯಲ್ಲಿ ನಿಂತು ತುಟಿ ಅಲ್ಲಾಡಿಸುತ್ತ ಬಾಯಿಪಾಠ ಮಾಡುತ್ತಿದ್ದಳು. ಇಷ್ಟು ಸಂಭ್ರಮದಿಂದ ಜನ ಎದೆ ತೋರಿಸಲು ಬಂದದ್ದನ್ನು ಮೇಡಂ ತಮ್ಮ ಜೀವಮಾನದಲ್ಲಿ ಕಂಡಿರಲಿಲ್ಲವಂತೆ.

ಯಾರಿಗೆ ಯಾರು ಎಂದು ಚೀಟಿ ಎತ್ತಿದರು. ಮಿಲಿಂದನಿಗೆ ಕೌಶಲ್ಯಾ ಬಂದಳು. ಹರೆಯದ ಹೆಂಗಸು, ಬಾಯಿ ಚುರುಕು. ಅವಳು ಉಸಿರೆಳೆದು, ಹಿಡಿದು, "ತಾಂಡೂರಿನ ಕಲ್ಲು ತಣ್ಣಗ, ತೊಗರಿಬ್ಯಾಳಿ ಸಣ್ಣಗ, ಜೈಪಾಲ ಅವರು ಸಿಟ್ಟಿಗೆದ್ರ ಊರೆಲ್ಲ ಸುಮ್ಮಗ, ನನ್ನ ದನಿ ಎದ್ರ ಅವರೂ ಸುಮ್ಮಗ!" ಎಂದಳು. ಮಿಲಿಂದನ ಗುಡ್ಡ ಎತ್ತರವಾಗಿ ಬಂತು, ಮೈದಾನ ಕತ್ತರಿಸಿ ಇಟ್ಟಂತೆ ಚೊಕ್ಕಟವಾಗಿ ಬಂತು. ಮೇಡಂ ತಲೆದೂಗಿದರು. ಉಳಿದವರದು ಯಾರದೂ ಅದರ ಹತ್ತಿರ ಸುಳಿಯಲಿಲ್ಲ. ಉಳಿದವಳು ಮಹಾನಂದಾ ಒಬ್ಬಳೇ. ಅವಳ ತುಟಿಯಂಚಿನಲ್ಲಿ ನಗುವಿತ್ತು. ಮಿಲಿಂದನ ಮೈದಾನಕ್ಕಿಂತ ಉದ್ದದ ಮೈದಾನ ಬೇಕು, ಒಂದೇ ಒಂದು.

ಅವಳಿಗೆ ಬಂದವಳು ಈಶಮ್ಮ. ಅರವತ್ತರ ಆಸುಪಾಸಿನವಳು, ತೆಳ್ಳಗೆ, ನೆಟ್ಟಗೆ, ಹಣೆಯಲ್ಲಿ ವಿಭೂತಿ. ಅಲ್ಲಿ ಅರ್ಧ ಹೆಂಗಸರ ಹಣೆಯಲ್ಲಿ ವಿಭೂತಿಯಿತ್ತು. ಎಲ್ಲರಿಗೂ ಹಾಕಿಸುವ ನೀಲಿ ಅಂಗಿ ಕೊರಳವರೆಗೆ ಮುಚ್ಚಿತ್ತು. ಹೂ ಮುಡಿದಿರಲಿಲ್ಲ, ಅದನ್ನು ಮಹಾನಂದಾ ಗಮನಿಸಲಿಲ್ಲ. ಅವಳ ಕಣ್ಣು ಪರದೆಯಲ್ಲಿತ್ತು. ಜೆಲ್ ಹಚ್ಚಿದಳು, ಗುಂಡು ಇಟ್ಟಳು, ವಪೆ ಸಿಕ್ಕಿತು. ಈಗ ಆ ಪ್ರಶ್ನೆ ಅವಳ ಬಾಯಿಂದ ಕಂಡಕ್ಟರನ ಬಾಯಿಂದ ಟಿಕೆಟ್ ಎಂಬ ಮಾತು ಬರುವಷ್ಟು ಸಲೀಸಾಗಿ ಬರುತ್ತಿತ್ತು.

"ಹ್ಞಾಂ, ನಿಮ್ಮ ಮನಿಯವರ ಹೆಸರೇನ್ರಿ?"

ಯಾರೂ ಕೂಗಲಿಲ್ಲ. ಒಡಪು ಹಾಕು ಎನ್ನಲಿಲ್ಲ. ಅಷ್ಟು ಹೊತ್ತು ಕಲಕಲ ಎನ್ನುತ್ತಿದ್ದ ಹಾಲ್ ಬಾವಿಗೆ ಬಿದ್ದಂತೆ ಸುಮ್ಮನಾಯಿತು. ಮಹಾನಂದಾ ತಲೆ ಎತ್ತಿದಳು. ಕೌಶಲ್ಯಾ ಅವಳ ಕಿವಿಯ ಹತ್ತಿರ ಬಗ್ಗಿ, "ಯಕ್ಕಾ, ಆಕಿ ಗಂಡ ತೀರಕೊಂಡು ಭಾಳ ವರ್ಷ ಆತು. ಆಕಿಗಿ ಕೇಳಂಗಿಲ್ಲ," ಎಂದಳು.

ಮಹಾನಂದಾಳ ಕಣ್ಣು ಈಗ ಹೂವಿಲ್ಲದ ಆ ಮುಡಿಯ ಮೇಲೆ ಬಿತ್ತು. ಹೊರಗಿನವರು ಕೇಳಿದ್ದರೆ ಗೊತ್ತಿಲ್ಲದೆ ಕೇಳಿದರು ಎನ್ನಬಹುದಿತ್ತು. ಕೇಳಿದವಳು ಇದೇ ಸೀಮೆಯ ಮಗಳು. ಮುತ್ತೈದೆಯರನ್ನು ಸಾಲಾಗಿ ಕೂರಿಸಿ ಹೆಸರು ಹೇಳಿಸುವಾಗ ಗಂಡ ಇಲ್ಲದವರು ಯಾವ ಬಾಗಿಲ ಹಿಂದೆ ನಿಂತಿರುತ್ತಾರೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಅವಳ ಸೋದರತ್ತೆ ಒಬ್ಬಳು ಹಾಗೆಯೇ ಅಡುಗೆಮನೆಯಲ್ಲಿ ನಿಂತು ನಿಂತು ಮುದುಕಿಯಾಗಿದ್ದಳು. ಗುಡ್ಡದ ಎತ್ತರ ನೋಡುತ್ತ ಮನುಷ್ಯರನ್ನೇ ನೋಡದೆ ಹೋದೆನಲ್ಲ ಎಂದು ಅವಳಿಗೆ ತನ್ನ ಮೇಲೆಯೇ ಸಿಟ್ಟು ಬಂತು, ನಾಚಿಕೆಯಾಯಿತು.

"ತಪ್ಪಾತ್ರಿ. ನನಗ ಗೊತ್ತಾಗಲಿಲ್ರಿ ಅಮ್ಮಾ," ಎಂದಳು.

ಈಶಮ್ಮ ಅವಳನ್ನು ನೋಡಲಿಲ್ಲ. ಮೇಲಿನ ಫ್ಯಾನನ್ನು ನೋಡುತ್ತಿದ್ದಳು. "ಯಾಕ ಸುಮ್ಮನಾದ್ರಿ ಎಲ್ಲಾರೂ?" ಎಂದಳು. "ಅವ ಹೋಗ್ಯಾನ. ಅವನ ಹೆಸರೂ ಹೋಗ್ಯದೇನು? ಬೆಳಿಗ್ಗಿಂದ ನೀವು ಹೇಳಾದು ಕೇಳ್ಕೋತ ಕುಂತೀನಿ. ಒಬ್ಬಾಕಿದೂ ಒಡಪು ನೆಟ್ಟಗಿಲ್ಲ."

ಹಾಗೆಂದವಳೇ ಉಸಿರೆಳೆದುಕೊಂಡಳು. ಹೊಟ್ಟೆ ಎದ್ದಿತು, ಎದೆ ಎದ್ದಿತು, ಕೊರಳ ನರ ಎದ್ದವು. ಅಷ್ಟು ವರ್ಷದ ಧೂಳು ಕುಡಿದ ಎದೆ ಅಷ್ಟು ದೊಡ್ಡ ಉಸಿರನ್ನು ಎಲ್ಲಿಂದ ತಂದಿತೋ! ಅದನ್ನು ಹಿಡಿದಳು. ಹಿಡಿದೇ ಹಿಡಿದಳು. ಕಣ್ಣಲ್ಲಿ ಮಾತ್ರ ಏನೋ ಓಡಾಡುತ್ತಿತ್ತು. ಆಮೇಲೆ ಸಣ್ಣ ದನಿಯಲ್ಲಿ, ಹುಡುಗಿಯರ ರಾಗದಲ್ಲಿ ಹೇಳಿದಳು:

"ಸಜ್ಜಿ ರೊಟ್ಟಿ ಸುಡುವಾಗ ಒಲಿ ಮುಂದ ಕುಂತು ಬೆಣ್ಣಿ ಸವರಿದವ, ಸಿಟ್ಟಿಗೆದ್ದು ತವರಿಗಿ ಹೊಂಟ್ರ ನನಗಿಂತ ಮೊದಲs ಬಸ್ಸ ಹತ್ತಿದವ, ಹೆಸರು ಕೇಳ್ತೀರಲ್ಲ, ನನ್ನ ಗುರುಬಸವ!"

ಮೊದಲು ಚಪ್ಪಾಳೆ ಹೊಡೆದವಳು ಕೌಶಲ್ಯಾ. ಆಮೇಲೆ ಹಾಲ್‌ಗೆ ಹಾಲ್ ಎದ್ದಿತು. ಬಸ್ಸು ಹತ್ತಿ ಮುಂಚೆಯೇ ಕೂತ ಗುರುಬಸವನನ್ನು ನೆನೆದು ಹೆಂಗಸರು ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕರು, ಅದೇ ಸೆರಗಿನಿಂದ ಕಣ್ಣೂ ಒರೆಸಿಕೊಂಡರು. ಮಹಾನಂದಾ ನಕ್ಕಳು, ಅತ್ತಳು, ಕೈ ನಡುಗಿತು, ಗುಂಡು ಜಾರಿತು. ಈಶಮ್ಮನ ಮುಖದ ಮೇಲೆ ಬೆಳಕು ಬಿದ್ದಂತಿತ್ತು.

"ದಾಖಲೆ ಎಲ್ಲಿ?" ಎಂದರು ಪ್ರೇಮಲಾ ಮೇಡಂ.

ಮಹಾನಂದಾ ಪರದೆಯತ್ತ ತಿರುಗಿದಳು. ಅಲ್ಲಿ ನಗುವಿನ ಗರಗಸದ ಹಲ್ಲು ಬಿಟ್ಟರೆ ಏನೂ ಇರಲಿಲ್ಲ. ಗೆರೆ ಓಡುತ್ತಲೇ ಇರುತ್ತದೆ, ಸರಿಯಾದ ಗಳಿಗೆಯಲ್ಲಿ ಗುಂಡಿ ಒತ್ತದಿದ್ದರೆ ಪರದೆಯ ಅಂಚಿನಿಂದಾಚೆ ಹೋಗಿ ಅಳಿಸಿಹೋಗುತ್ತದೆ. ಅವಳು ಒತ್ತಿರಲಿಲ್ಲ. ಅವಳು ಈಶಮ್ಮನ ಮುಖ ನೋಡುತ್ತಿದ್ದಳು. ಇಡೀ ತರಬೇತಿಯ ಅತಿ ದೊಡ್ಡ ಗುಡ್ಡ, ಅತಿ ಉದ್ದದ ಮೈದಾನ ಕಣ್ಣ ಮುಂದೆಯೇ ಬಂದು ಹೋಗಿಬಿಟ್ಟಿತ್ತು.

"ಒತ್ತಲಿಲ್ರಿ ಮೇಡಂ," ಎಂದಳು.

ಮಿಲಿಂದ್ ತಲೆ ತಗ್ಗಿಸಿದ. ಗೆದ್ದವನು ತಾನೇ ಆದರೂ ಅವನಿಗೆ ಖುಷಿಯಾದಂತೆ ಕಾಣಲಿಲ್ಲ. ನಿಯಮ ಮೇಡಂ ಅವರದೇ, ಎರಡನೆಯ ಸಲ ಕೇಳುವಂತಿರಲಿಲ್ಲ. ಕೇಳಬಹುದಾಗಿದ್ದರೂ ಆ ಹೆಂಗಸಿಗೆ ಆ ಪ್ರಶ್ನೆಯನ್ನು ಇನ್ನೊಮ್ಮೆ ಕೇಳಲು ಮಹಾನಂದಾಗೆ ನಾಲಗೆ ಏಳುತ್ತಿರಲಿಲ್ಲ. ಮಷಿನ್ ಹೋಯಿತು. ಊರೂರು ತಿರುಗುವುದು ಹೋಯಿತು. ದುಃಖವಾಯಿತು. ಅವಳು ಹತ್ತಿ ತೆಗೆದುಕೊಂಡು ಈಶಮ್ಮನ ಪಕ್ಕೆಯ ಮೇಲಿನ ಜೆಲ್ ಒರೆಸತೊಡಗಿದಳು.

ಈಶಮ್ಮ ಅವಳ ಮುಂಗೈ ಹಿಡಿದಳು. "ಯಾಕ ಒರಸ್ಲತ್ತಿ?"

"ಮುಗೀತ್ರಿ ಅಮ್ಮಾ. ನೀವು ಮಸ್ತ್ ಹೇಳಿದ್ರಿ. ನಾನೇ ಮಷಿನ್ದಾಗ ಹಿಡೀಲಿಲ್ಲ."

"ಹಿಡೀಲಿಲ್ಲಂದ್ರ ಏನಾತು? ಮತ್ತೊಮ್ಮಿ ಕೇಳ."

"ಬ್ಯಾಡ್ರಿ, ನಿಮಗ ತ್ರಾಸ..."

"ತ್ರಾಸ!" ಈಶಮ್ಮ ಮೊಳಕೈ ಊರಿ ಅರ್ಧ ಎದ್ದಳು. "ಏ ಹುಚ್ಚಿ, ಆ ಹೆಸರು ಹೇಳಂತ ನನಗ ಯಾರೂ ಕೇಳಿಲ್ಲ ಇಷ್ಟ್ ವರ್ಷ. ಮಕ್ಕಳು ಅಪ್ಪ ಅಂತಾವ, ಊರಾಗಿನವರು ಹೋದವ ಅಂತಾರ. ಇವತ್ತ ನೀ ಕೇಳೀದಿ. ಇನ್ನ ಹತ್ತು ಸಲ ಕೇಳ, ಹತ್ತು ಸಲ ಹೇಳ್ತೀನಿ. ಹಚ್ಚ ನಿನ್ನ ಮಷಿನ್."

ಮಹಾನಂದಾ ಮೇಡಂ ಕಡೆ ನೋಡಿದಳು. ಮೇಡಂ ಕನ್ನಡಕ ತೆಗೆದು ಒರೆಸುತ್ತಿದ್ದರು. "ಅವರಾಗಿಯೇ ಹೇಳ್ಲತ್ತಾರಲ್ಲ," ಎಂದರು. ಪುಸ್ತಕದ ಮಾತು ಜಾರಿ ಬೀದರಿನ ಮಾತು ಬಾಯಿಗೆ ಬಂದದ್ದು ಅವರ ಗಮನಕ್ಕೂ ಬರಲಿಲ್ಲ. "ಕೇಳು ಮತ್ತ."

ಮತ್ತೆ ಜೆಲ್, ಮತ್ತೆ ಗುಂಡು, ಮತ್ತೆ ವಪೆ. ಮಹಾನಂದಾ ಈ ಸಲ ಪರದೆಯನ್ನು ನೋಡಲಿಲ್ಲ. ಈಶಮ್ಮನ ಕಣ್ಣನ್ನೇ ನೋಡಿದಳು, ಹೆಬ್ಬೆರಳನ್ನು ಗುಂಡಿಯ ಮೇಲಿಟ್ಟಳು.

"ನಿಮ್ಮ ಮನಿಯವರ ಹೆಸರೇನ್ರಿ?"

"ಹಂಗ ಕೇಳ! ಈ ಸಲ ಬ್ಯಾರೇದು ಹೇಳ್ತೀನಿ," ಎಂದಳು ಈಶಮ್ಮ. ಉಸಿರೆಳೆದುಕೊಂಡಳು. ಹಿಡಿದಳು. ಮಹಾನಂದಾ ಗುಂಡಿ ಒತ್ತಿದಳು. ಕೈ ನಡುಗಲಿಲ್ಲ. ಹಿಂದೆ ನಿಂತ ಮಿಲಿಂದ್ ಪರದೆ ನೋಡುತ್ತ, "ಅರೇ... ಅರೇ..." ಎನ್ನುತ್ತಿದ್ದ. ಗೆರೆ ಏರಿ ಮೈದಾನವಾಗಿ ಅವನ ಮೈದಾನವನ್ನು ದಾಟಿ ಓಡಿತು.

"ಸಾಕ್ರಿ ಅಮ್ಮಾ, ಬಂತು, ಬಿಡ್ರಿ," ಎಂದಳು ಮಹಾನಂದಾ.

ಈಶಮ್ಮ ಬಿಡಲಿಲ್ಲ. ಒಂದು ಬೆರಳು ಎತ್ತಿ ತಡಿ ಎಂಬಂತೆ ಆಡಿಸಿದಳು. ಇನ್ನೂ ಸ್ವಲ್ಪ ಹೊತ್ತು ಗುರುಬಸವನನ್ನು ಒಳಗೇ ಇಟ್ಟುಕೊಂಡಳು. ಹಾಲ್‌ನಲ್ಲಿದ್ದವರೆಲ್ಲ ತಮಗೆ ಗೊತ್ತಿಲ್ಲದೆ ಉಸಿರು ಹಿಡಿದಿದ್ದರು. ಕೊನೆಗೆ ಬಿಟ್ಟಳು.

"ಕಲ್ಲಿನ ಧೂಳಾಗ ದುಡದು ರೆಪ್ಪಿ ಬೆಳ್ಳಗ ಮಾಡ್ಕೊಂಡು ಬರಾವ, ಮುದಕ ಆದ್ರಲ್ರೀ ಅಂದ್ರ ನಿನ್ನ ಜೋಡಿನೇ ಆಗ್ತೀನಂದವ, ಮಾತು ತಪ್ಪಿ ಮುಂದ ಹೋದವ, ನನ್ನ ಗುರುಬಸವ."

ಕೌಶಲ್ಯಾ ಬಿಕ್ಕಿದಳು. ಈಶಮ್ಮ ಸುತ್ತ ನೋಡಿ, "ಏ, ಅಳ್ತೀರ್ಯಾಕ? ಆವತ್ತಿನ ಬಸ್ಸಿನಂಗs ಮುಂದ ಹೋಗಿ ಸೀಟ್ ಹಿಡದಿರ್ತಾನ!" ಎಂದಳು. ಆಗ ಹಾಲ್ ಮತ್ತೆ ಒಡೆದು ನಕ್ಕಿತು.

ಮೇಡಂ ಗುಡ್ಡ ಅಳೆಯಲಿಲ್ಲ, ಮೈದಾನ ಅಳೆಯಲಿಲ್ಲ. ಮಷಿನ್ನಿನ ಪೆಟ್ಟಿಗೆಯನ್ನು ತಂದು ಮಹಾನಂದಾಳ ಕಾಲ ಬಳಿ ಇಟ್ಟರು. ಮಿಲಿಂದ್ ಅವಳ ಬೆನ್ನಿಗೆ ಒಂದು ಗುದ್ದು ಕೊಟ್ಟ. ಅವಳಿಗೆ ಕುಣಿಯಬೇಕೆನ್ನಿಸಿತು, ಆದರೆ ಮುಂಗೈಯನ್ನು ಈಶಮ್ಮ ಇನ್ನೂ ಬಿಟ್ಟಿರಲಿಲ್ಲ.

"ಮತ್ತ ಯಾವಾಗ ಬರ್ತಿ?" ಎಂದು ಕೇಳಿದಳು ಈಶಮ್ಮ. "ಅವನ ಒಡಪು ಇನ್ನಾ ಭಾಳ ಅವ ನನ್ನ ಹತ್ರ."

"ದೀಪಾವಳಿ ಆದ ಮ್ಯಾಲ ಬರ್ತೀನ್ರಿ," ಎಂದಳು ಮಹಾನಂದಾ. "ನಿಮ್ಮ ಮನಿಗೇ ಮೊದಲ ಬರ್ತೀನಿ."